ಡಾಕ್ಟರ್ ತಾಮಸ್ ವಿಲ್ಲಿಸ್‌ರವರ ಜೀವಿತವೂ ಮಿದುಳಿನ ಧಮನಿಗಳೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ಒಬ್ಬ ಮಹನೀಯರ ಚರಿತ್ರೆಯನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಯಾರ ಚರಿತ್ರೆಯನ್ನು ಬರೆಯೋಣವೆಂದು ನಾವು ಬಹಳವಾಗಿ ಆಲೋಚಿಸಿದೆವು. ರಾಜರಾಣಿಯರ ಚರಿತ್ರೆಗಳನ್ನೂ ಸಾಧುಸತ್ಪುರುಷರ ಚರಿತ್ರೆಗಳನ್ನೂ ನಮ್ಮ ವಾಚಕರು ಪಾಠದ ಪುಸ್ತಕಗಳಲ್ಲಿಯೇ ಓದಿರುತ್ತಾರೆ. ಆದುದರಿಂದ ಲೋಕದ ವೈದ್ಯರೆಲ್ಲರೂ ಬಲ್ಲಂಥವರೂ, ನಮ್ಮ ಮನೆಗಳಿಗೆ ನೇರವಾಗಿ ಪ್ರಯೋಜನವಾಗುವಂಥ ಕೆಲಸವನ್ನು ಮಾಡಿದವರೂ ಆದ ಒಬ್ಬರನ್ನು ಆರಿಸಿಕೊಂಡಿದ್ದೇವೆ. ಅವರೇ ಇಂಗ್ಲೆಂಡಿನ ಡಾಕ್ಟರ್ ತಾಮಸ್ ವಿಲ್ಲಿಸ್‌ರವರು.

ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯ ಕಡೆಯವರಾದ ನಮಗೆ ಲಕ್ವವೆಂಬ ಹೆಸರು ಬಾಲ್ಯದಿಂದಲೂ ಪರಿಚಿತವಾದುದು. ನಸುಕಿನಲ್ಲಿ ಎದ್ದು ಅಂಗಳಕ್ಕೆ ನೀರು ಚಿಮುಕಿಸಲು ಹೋದ ಅಜ್ಜಿಯ ಬಲಗೈಯಿಂದ ಚೊಂಬು ಜಾರಿ ಬೀಳುತ್ತದೆ. ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗುತ್ತದೆ. ಏನಾಯಿತೆಂದು ಸೊಸೆಯು ಕೇಳಿದರೆ ಅಜ್ಜಿಯ ಬಾಯಿಂದ ಮಾತೇ ಹೊರಡುವುದಿಲ್ಲ. ಗಾಳಿ ಸೋಕಿತೆಂದು ಕೆಲವರೂ, ಗ್ರಹಚಾರವೆಂದು ಕೆಲವರೂ ಹೇಳುತ್ತಾರೆ. ಎಣ್ಣೆ ತಿಕ್ಕುವುದು, ಕೆಲವು ಕಡೆ ಪಾರಿವಾಳದ ರಕ್ತವನ್ನು ಹಚ್ಚುವುದು, ಬೆಳಗಾಗಲಿ ನೋಡೋಣವೆಂದು ಕಾಯುವುದು, ಇವುಗಳಲ್ಲಿಯೇ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ. ಬಲಗೈಯಿಂದ ಚೊಂಬು ಬಿದ್ದುದಕ್ಕೂ ತಲೆಯ ಎಡಭಾಗದೊಳಗೆ ರಾಗಿಹುಲ್ಲಿನ ಕಡ್ಡಿಯಷ್ಟು ದಪ್ಪವಾಗಿರುವ ಒಂದು ರಕ್ತನಾಳಕ್ಕೂ ಸಂಬಂಧವಿರುತ್ತದೆಂಬುದನ್ನು ತಿಳಿಯುವುದಕ್ಕೆ ವಿಲ್ಲಿಸ್‌ರವರ ಜೀವಿತವು ಒಳ್ಳೆಯ ದಾರಿಯಾಗಿದೆ.

ವಿಲ್ಲಿಸ್‌ರವರು ಕ್ರಿಸ್ತಶಕ 1621ನೆಯ ಇಸವಿ ಜನವರಿ 27ನೆಯ ತಾರೀಖು ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯ ಗ್ರೇಟ್ ಬೆಡ್ವಿನ್ ಎಂಬ ಹಳ್ಳಿಯಲ್ಲಿ ಜನಿಸಿದರು. ತರುವಾಯ ಅವರ ಕುಟುಂಬವು ಆಕ್ಸ್‌ಫರ್ಡ್ ಪಟ್ಟಣದ ಸಮೀಪದ ನಾರ್ತ್ ಹಿಂಕ್ಸಿ ಎಂಬ ಗ್ರಾಮದಲ್ಲಿ ನೆಲೆಸಿತು. ಬಾಲಕನು ಆಕ್ಸ್‌ಫರ್ಡಿನಲ್ಲಿ ಪಾಠಗಳನ್ನು ಕಲಿತು, ಅಲ್ಲಿಯ ಕ್ರೈಸ್ಟ್ ಚರ್ಚ್ ಎಂಬ ಕಾಲೇಜನ್ನು ಸೇರಿದನು. ಧನಿಕರ ಮಕ್ಕಳಂತೆ ಸುಖವಾಗಿ ಓದುವ ಭಾಗ್ಯವು ಅವನಿಗಿರಲಿಲ್ಲ. ಆ ಕಾಲೇಜಿನ ಹಿರಿಯ ಪಾದ್ರಿಗಳಾದ ಡಾಕ್ಟರ್ ಐಲ್ಸ್ ಎಂಬವರ ಮನೆಯಲ್ಲಿ ಆಳಿನ ಕೆಲಸವನ್ನು ಮಾಡುತ್ತ, ಆಳುಗಳು ತೊಡುವ ನೀಲಿಯ ಮೇಲಂಗಿಯನ್ನು ತೊಟ್ಟುಕೊಂಡು, ಊಟದ ದೊಡ್ಡ ಕೋಣೆಯ ಬಾಗಿಲ ಬಳಿಯಲ್ಲಿ ಕುಳಿತು ಪುಸ್ತಕವನ್ನು ಓದುತ್ತಿದ್ದನೆಂದು ಆ ಕಾಲದವರು ಬರೆದಿಟ್ಟಿದ್ದಾರೆ. ಅವನಿಗೆ ಮಾತು ತೊದಲುತ್ತಿತ್ತೆಂಬುದನ್ನೂ ಅವರೇ ಬರೆದಿದ್ದಾರೆ.

ಹೆಣ್ಣುಮಕ್ಕಳ ಶಾಲೆಯವರಾದ ನಾವು ಇಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ಈ ಮಹಾ ವೈದ್ಯರಿಗೆ ವೈದ್ಯದ ಮೊದಲನೆಯ ಪಾಠವನ್ನು ಕಲಿಸಿದವರು ಒಬ್ಬ ಗೃಹಿಣಿಯೇ. ಡಾಕ್ಟರ್ ಐಲ್ಸ್‌ರವರ ಪತ್ನಿಯು ಔಷಧಗಳಲ್ಲಿಯೂ ಗಾಯಗಳನ್ನು ವಾಸಿಮಾಡುವುದರಲ್ಲಿಯೂ ತಿಳಿವಳಿಕೆಯುಳ್ಳವರಾಗಿದ್ದು ಅನೇಕರ ಬೇನೆಗಳನ್ನು ಗುಣಪಡಿಸುತ್ತಿದ್ದರು. ಔಷಧಗಳನ್ನು ಅರೆಯುವುದಕ್ಕೂ ಕಾಸುವುದಕ್ಕೂ ಕೈಚಳಕವುಳ್ಳ ಈ ಹುಡುಗನನ್ನೇ ಅವರು ಮೇಲಿಂದ ಮೇಲೆ ಕರೆಯುತ್ತಿದ್ದರು. ಆಗಿನ ಕಾಲದಲ್ಲಿ ಯಾವ ವಿದ್ಯಾಪೀಠವೂ ಆ ತಾಯಿಗೆ ಪದವಿಯನ್ನು ಕೊಡುತ್ತಿರಲಿಲ್ಲ. ಆದಾಗ್ಯೂ ಅವರ ಒಲೆಯ ಮುಂದೆ ಮೊಳೆತ ಬೀಜವು ಲೋಕಕ್ಕೆ ನೆರಳಾಗುವ ಮರವಾಗಿ ಬೆಳೆಯಿತು.

ವಿಲ್ಲಿಸ್‌ರವರು 1639ರಲ್ಲಿ ಬಿ.ಎ. ಪದವಿಯನ್ನೂ 1642ರಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಅದೇ 1642ರಲ್ಲಿ ಮೊದಲನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ಯುದ್ಧವು ಆರಂಭವಾಯಿತು. ಆಕ್ಸ್‌ಫರ್ಡ್ ಪಟ್ಟಣವು ದೊರೆಯ ಪಾಳೆಯವಾಯಿತು. ದಂಡು ಇಳಿದ ಕಡೆಗಳಲ್ಲೆಲ್ಲಾ ಜ್ವರವು ಹಬ್ಬಿತು. 1643ರಲ್ಲಿ ವಿಲ್ಲಿಸ್‌ರವರ ತಂದೆಯೂ ಜ್ವರದಿಂದ ಮೃತರಾದರು. ಯುವಕರಾದ ವಿಲ್ಲಿಸ್‌ರವರು ದೊರೆಯ ಪಕ್ಷದ ವಿದ್ಯಾರ್ಥಿ ದಳದಲ್ಲಿ ಸೇರಿ ಆಯುಧವನ್ನು ಹಿಡಿದರು. ಜ್ವರವು ಮನೆಯಿಂದ ಮನೆಗೆ ಹೇಗೆ ಸಾಗುತ್ತದೆಂಬುದನ್ನು ಅವರು ಕಣ್ಣಾರೆ ಕಂಡರು. ಈ ಅನುಭವವೇ 1659ರಲ್ಲಿ ಪ್ರಕಟವಾದ ಅವರ ಜ್ವರಗಳ ಗ್ರಂಥಕ್ಕೆ ಆಧಾರವಾಯಿತು. 1646ರಲ್ಲಿ ದೊರೆಯ ಪಕ್ಷವು ಸೋತು ಪಟ್ಟಣವು ಶರಣಾದ ಮೇಲೆ, ಆ ವರ್ಷದ ಡಿಸೆಂಬರ್ ತಿಂಗಳಲ್ಲಿ ಅವರಿಗೆ ವೈದ್ಯದ ಪದವಿಯು ದೊರೆಯಿತು.

ಪದವಿ ದೊರೆತ ಮಾತ್ರಕ್ಕೆ ರೋಗಿಗಳು ಬಂದು ಬಾಗಿಲನ್ನು ತಟ್ಟಲಿಲ್ಲ. ಸಮೀಪದ ಆಬಿಂಗ್ಡನ್ ಎಂಬ ಊರಿನಲ್ಲಿ ಸೋಮವಾರ ಸೋಮವಾರ ಸಂತೆ ಕೂಡುತ್ತಿತ್ತು. ವಿಲ್ಲಿಸ್‌ರವರೂ ಅವರ ಸ್ನೇಹಿತರೊಬ್ಬರೂ ಇಬ್ಬರಿಗೂ ಸೇರಿ ಒಂದೇ ಕುದುರೆಯನ್ನು ಇಟ್ಟುಕೊಂಡು ಆ ಸಂತೆಗೆ ಹೋಗಿ, ರೈತರ ಮೂತ್ರವನ್ನು ಗಾಜಿನ ಪಾತ್ರೆಯಲ್ಲಿ ನೋಡಿ ರೋಗವನ್ನು ಹೇಳುತ್ತಿದ್ದರು. ಹೀಗೆ ಬಡತನದಲ್ಲಿ ಸಂತೆಯ ಜನರ ನಡುವೆ ಕಲಿತ ವಿದ್ಯೆಯು ವ್ಯರ್ಥವಾಗಲಿಲ್ಲ. ರೋಗಿಯು ಬದುಕಿದ್ದಾಗ ಯಾವ ಲಕ್ಷಣಗಳು ಕಂಡುಬಂದುವೆಂಬುದನ್ನು ಬರೆದಿಟ್ಟುಕೊಂಡು, ಅವನು ಸತ್ತರೆ ಬಂಧುಗಳ ಅಪ್ಪಣೆಯನ್ನು ಪಡೆದು ದೇಹವನ್ನು ಬಿಚ್ಚಿ ನೋಡಿ, ಎರಡನ್ನೂ ಹೋಲಿಸುವುದು ಅವರ ಪದ್ಧತಿಯಾಯಿತು.

1650ನೆಯ ಇಸವಿ ಡಿಸೆಂಬರ್ 14ರಂದು ನಡೆದ ಒಂದು ಘಟನೆಯು ಇಂಗ್ಲೆಂಡಿನಲ್ಲೆಲ್ಲಾ ಹೆಸರಾಯಿತು. ಆನ್ ಗ್ರೀನ್ ಎಂಬ ಸೇವಕಿಯೊಬ್ಬಳನ್ನು, ತನಗೆ ಹುಟ್ಟಿದ ಶಿಶುವನ್ನು ಕೊಂದಳೆಂಬ ಅಪರಾಧವನ್ನು ಹೊರಿಸಿ, ಆಕ್ಸ್‌ಫರ್ಡಿನಲ್ಲಿ ಗಲ್ಲಿಗೇರಿಸಿದರು. ಆ ಶಿಶುವು ತಿಂಗಳು ತುಂಬದೆ ಜೀವವಿಲ್ಲದೆಯೇ ಹುಟ್ಟಿತ್ತೆಂದು ವೈದ್ಯರ ಅಭಿಪ್ರಾಯವಿತ್ತು. ಅರ್ಧ ಘಂಟೆಯ ಕಾಲ ತೂಗಾಡಿದ ಆ ದೇಹವನ್ನು, ವೈದ್ಯ ವಿದ್ಯಾರ್ಥಿಗಳಿಗೆ ಕೊಯ್ದು ತೋರಿಸುವುದಕ್ಕಾಗಿ, ಡಾಕ್ಟರ್ ವಿಲಿಯಂ ಪೆಟ್ಟಿ ಎಂಬವರ ಬಿಡಾರಕ್ಕೆ ತಂದಿದ್ದರು. ಪೆಟಾರಿಯನ್ನು ತೆರೆದಾಗ ಆಕೆಯ ಗಂಟಲಿನಲ್ಲಿ ಗೊರಗೊರ ಶಬ್ದವು ಕೇಳಿಬಂದಿತು. ಪೆಟ್ಟಿಯವರೂ ವಿಲ್ಲಿಸ್‌ರವರೂ ಕತ್ತಿಯನ್ನು ಬದಿಗಿಟ್ಟು, ಆಕೆಯ ಕೈಕಾಲುಗಳನ್ನು ತಿಕ್ಕಿ, ಬಿಸಿಯಾದ ಪಾನೀಯವನ್ನು ಹನಿಹನಿಯಾಗಿ ಕುಡಿಸಿ, ಮತ್ತೊಬ್ಬ ಹೆಂಗಸನ್ನು ಪಕ್ಕದಲ್ಲಿ ಮಲಗಿಸಿ ಮೈಯನ್ನು ಬೆಚ್ಚಗಿಟ್ಟರು. ಆಕೆಯು ಬದುಕಿದಳು. ವೈದ್ಯರೇ ಮುಂದಾಗಿ ಆಕೆಯ ಕ್ಷಮೆಗಾಗಿ ವಾದಿಸಿದರು. ಆಕೆಯು ಬಿಡುಗಡೆಯನ್ನು ಹೊಂದಿ, ವಿವಾಹವಾಗಿ, ಮಕ್ಕಳನ್ನು ಪಡೆದು ಬಾಳಿದಳು. ಸತ್ತಂತೆ ತೋರುವವರಲ್ಲಿಯೂ ಜೀವವು ಅಡಗಿರಬಹುದು, ಕೈಬಿಡಲಾಗದು ಎಂಬುದನ್ನು ಆ ದಿನವು ಎಲ್ಲರಿಗೂ ಕಲಿಸಿತು.

1657ರಲ್ಲಿ ವಿಲ್ಲಿಸ್‌ರವರು ಮೇರಿ ಫೆಲ್ ಎಂಬವರನ್ನು ವಿವಾಹವಾದರು. ದೊರೆಯಿಲ್ಲದ ಆ ಕಾಲದಲ್ಲಿ ಇಂಗ್ಲೆಂಡಿನ ಸಭೆಯ ಪ್ರಾರ್ಥನಾಕ್ರಮಕ್ಕೆ ನಿಷೇಧವಿತ್ತು. ದಂಪತಿಗಳು ಅಧಿಕಾರಿಗಳಿಗೆ ಅಂಜದೆ ತಮ್ಮ ಮನೆಯಲ್ಲಿಯೇ ದೇವಾರಾಧನೆಗೆ ಸ್ಥಳವನ್ನು ಕೊಟ್ಟರು. 1660ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯು ಪಟ್ಟಕ್ಕೆ ಬರಲು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲ್ಲಿಸ್‌ರವರಿಗೆ ಪ್ರಕೃತಿ ಶಾಸ್ತ್ರದ ಪ್ರಾಧ್ಯಾಪಕ ಪದವಿಯು ಲಭಿಸಿತು. ಊಟದ ಕೋಣೆಯ ಬಾಗಿಲ ಬಳಿ ಓದಿದ ಆಳು ಹುಡುಗನು ಈಗ ಪೀಠವನ್ನೇರಿದನು. ಅವರ ಉಪನ್ಯಾಸಗಳನ್ನು ಕೇಳಿದವರಲ್ಲಿ ಮುಂದೆ ತತ್ತ್ವಜ್ಞಾನಿಯೆಂದು ಪ್ರಖ್ಯಾತನಾದ ಜಾನ್ ಲಾಕನೂ ಒಬ್ಬನು.

ಪಾಠವನ್ನು ಹೇಳುತ್ತ ಹೇಳುತ್ತ ವಿಲ್ಲಿಸ್‌ರವರಿಗೆ ಒಂದು ಸಂಕೋಚವುಂಟಾಯಿತು. ಮಿದುಳಿನ ವಿಷಯವಾಗಿ ತಾವು ಹೇಳುತ್ತಿದ್ದುದರಲ್ಲಿ ಬಹುಭಾಗವು ಹಳೆಯ ಪುಸ್ತಕಗಳ ಊಹೆಯೇ ಹೊರತು ಕಣ್ಣಾರೆ ಕಂಡುದಲ್ಲವೆಂದು ಅವರಿಗೆ ತೋರಿತು. ಆದುದರಿಂದ ಮೊದಲಿನಿಂದ ಎಲ್ಲವನ್ನೂ ನೋಡಿಯೇ ತಿಳಿಯಬೇಕೆಂದು ನಿಶ್ಚಯಿಸಿ ಸಂಗಡಿಗರನ್ನು ಕೂಡಿಸಿಕೊಂಡರು. ರಿಚರ್ಡ್ ಲೋವರ್ ಎಂಬ ತರುಣ ವೈದ್ಯನು ನಯವಾದ ಕೈಯಿಂದ ಕೊಯ್ದು ತೋರಿಸಿದನು. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಮಹಾದೇವಾಲಯವನ್ನು ಕಟ್ಟಿಸಿದ ಕ್ರಿಸ್ಟಫರ್ ರೆನ್ನನು ಚಿತ್ರಗಳನ್ನು ಬರೆದುಕೊಟ್ಟನು. ಈ ಪರಿಶ್ರಮದ ಫಲವಾಗಿ 1664ರಲ್ಲಿ ಮಿದುಳಿನ ಅಂಗರಚನೆಯನ್ನು ಕುರಿತ ಸೆರೆಬ್ರಿ ಅನಾಟಮೆ ಎಂಬ ಲ್ಯಾಟಿನ್ ಗ್ರಂಥವು ಹೊರಬಂದಿತು. ನರಗಳ ಶಾಸ್ತ್ರಕ್ಕೆ ಇಂದು ಲೋಕವೆಲ್ಲಾ ಬಳಸುವ ನ್ಯೂರಾಲಜಿ ಎಂಬ ಹೆಸರು ವಿಲ್ಲಿಸ್‌ರವರು ಕೊಟ್ಟುದೇ. ಗ್ರಂಥದ ಮುನ್ನುಡಿಯಲ್ಲಿ ಅವರು ತಮ್ಮ ಸಂಗಡಿಗರ ಉಪಕಾರವನ್ನು ಹೆಸರು ಹೆಸರಾಗಿ ಸ್ಮರಿಸಿದ್ದಾರೆ. ಇದು ಅವರ ದೊಡ್ಡ ಗುಣ.

ಇನ್ನು ಆ ಗ್ರಂಥದ ಮುಖ್ಯ ವಿಷಯಕ್ಕೆ ಬರೋಣ. ಹೃದಯದಿಂದ ರಕ್ತವನ್ನು ಅಂಗಗಳಿಗೆ ಒಯ್ಯುವ ನಾಳಕ್ಕೆ ಧಮನಿಯೆಂದು ಹೆಸರು. ಮನುಷ್ಯನ ಮಿದುಳು ಸುಮಾರು 1400 ಗ್ರಾಂ ತೂಕವುಳ್ಳದ್ದು. ಇದು ಶರೀರದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೆ ಶರೀರವು ಬಳಸುವ ಆಮ್ಲಜನಕದಲ್ಲಿ ಐದರಲ್ಲೊಂದು ಪಾಲನ್ನು ಮಿದುಳೇ ಬಳಸುತ್ತದೆ. ಈ ರಕ್ತವನ್ನು ತರುವುದಕ್ಕೆ ನಾಲ್ಕು ಧಮನಿಗಳುಂಟು. ಕತ್ತಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಮೇಲಕ್ಕೆ ಹೋಗುತ್ತವೆ. ಹಿಂಭಾಗದಲ್ಲಿ ಕತ್ತಿನ ಮೂಳೆಗಳ ರಂಧ್ರಗಳ ಮೂಲಕ ಇನ್ನೆರಡು ಏರಿ, ತಲೆಯೊಳಗೆ ಒಂದಾಗಿ ಕೂಡಿಕೊಳ್ಳುತ್ತವೆ. ಮಿದುಳಿನ ಅಡಿಯಲ್ಲಿ ಮುಂದಿನವುಗಳಿಗೂ ಹಿಂದಿನದಕ್ಕೂ, ಎಡದ್ದಕ್ಕೂ ಬಲದ್ದಕ್ಕೂ ಸಣ್ಣ ಸಣ್ಣ ಅಡ್ಡನಾಳಗಳು ಸೇರಿ ಒಂದು ಬಳೆಯ ಆಕಾರವುಂಟಾಗುತ್ತದೆ. ಇದಕ್ಕೇ ವಿಲ್ಲಿಸ್ ಚಕ್ರವೆಂದು ಹೆಸರು ಬಂದಿದೆ.

ಈ ಬಳೆಯನ್ನು ಮೊದಲು ಕಂಡವರು ವಿಲ್ಲಿಸ್‌ರವರಲ್ಲ. ಇಟಲಿ, ಜರ್ಮನಿ, ಸ್ವಿಟ್ಜರ್ಲೆಂಡುಗಳ ಅಂಗರಚನಾ ಪಂಡಿತರು ಅದರ ಭಾಗಗಳನ್ನು ಅವರಿಗಿಂತ ಮುಂಚೆಯೇ ವರ್ಣಿಸಿದ್ದರು. 1658ರಲ್ಲಿ ಯೋಹಾನ್ ವೆಪ್ಫರ್ ಎಂಬ ಸ್ವಿಸ್ ವೈದ್ಯರು, ಕೆಲವರಿಗೆ ಪಾರ್ಶ್ವವಾಯು ಬರುವುದು ಮಿದುಳಿನೊಳಗೆ ರಕ್ತ ಸುರಿಯುವುದರಿಂದಲೆಂದು ತೋರಿಸಿದ್ದರು. ವಿಲ್ಲಿಸ್‌ರವರ ಹಿರಿಮೆಯು, ಆ ಬಳೆಯು ಏತಕ್ಕಾಗಿ ಇದೆಯೆಂದು ಕೇಳಿ ಉತ್ತರವನ್ನು ಕಂಡುಹಿಡಿದುದರಲ್ಲಿದೆ. ಅವರು ಕತ್ತಿನ ಒಂದು ಧಮನಿಯೊಳಕ್ಕೆ ಬಣ್ಣದ ನೀರನ್ನು ಹೊಗಿಸಿದರು. ಆ ಬಣ್ಣವು ಮಿದುಳಿನ ಎರಡು ಕಡೆಗೂ ಹರಡಿ, ಎದುರು ಪಕ್ಕದ ಧಮನಿಯಿಂದಲೂ ಹೊರಗೆ ಬಂದಿತು. ಅಲ್ಲದೆ, ಹೊಟ್ಟೆಯ ಗಡ್ಡೆಯಿಂದ ಸತ್ತ ಒಬ್ಬ ಮನುಷ್ಯನ ತಲೆಯನ್ನು ಬಿಚ್ಚಿ ನೋಡಿದಾಗ, ಬಲಗಡೆಯ ಕತ್ತಿನ ಧಮನಿಯು ತಲೆಯೊಳಗೆ ಕಲ್ಲಿನಂತೆ ಗಟ್ಟಿಯಾಗಿ ಬಹುಮಟ್ಟಿಗೆ ಮುಚ್ಚಿಹೋಗಿದ್ದಿತು. ಆದರೂ ಆ ಮನುಷ್ಯನಿಗೆ ಬದುಕಿರುವವರೆಗೂ ಪಾರ್ಶ್ವವಾಯು ಬಂದಿರಲಿಲ್ಲ. ಅದೇ ಪಕ್ಕದ ಹಿಂದಿನ ಧಮನಿಯು ತನ್ನ ಜೊತೆಯದಕ್ಕಿಂತ ಮೂರರಷ್ಟು ದಪ್ಪವಾಗಿ ಬೆಳೆದು, ಕೊರತೆಯನ್ನು ತುಂಬಿಕೊಟ್ಟಿದ್ದಿತು.

ನಮ್ಮ ಸೀಮೆಯವರಿಗೆ ಇದನ್ನು ಬಹು ಸುಲಭವಾಗಿ ತಿಳಿಸಬಹುದು. ಕೋಲಾರ ಜಿಲ್ಲೆಯು ಕೆರೆಗಳ ಜಿಲ್ಲೆ. ಒಂದು ಕೆರೆಗೆ ನಾಲ್ಕು ದಿಕ್ಕುಗಳಿಂದ ನಾಲ್ಕು ರಾಜಕಾಲುವೆಗಳು ನೀರನ್ನು ತರುತ್ತವೆಂದು ಭಾವಿಸಿರಿ. ಅವುಗಳಲ್ಲಿ ಒಂದು ಹೂಳಿನಿಂದ ಮುಚ್ಚಿದರೆ ಮಿಕ್ಕ ಮೂರು ಕಾಲುವೆಗಳಿಂದ ಕೆರೆಯು ತುಂಬುತ್ತದೆ, ಗದ್ದೆಗಳಿಗೆ ಕೇಡಿಲ್ಲ. ವಿಲ್ಲಿಸ್ ಚಕ್ರವೇ ಆ ಕೆರೆ. ಆದರೆ ಕೆರೆಯಿಂದ ಹೊರಕ್ಕೆ ನೀರನ್ನು ಬಿಡುವ ತೂಬುಗಳ ಸಂಗತಿ ಬೇರೆ. ತೂಬಿನಾಚೆಯ ಕಾಲುವೆಯು ಮುಚ್ಚಿಹೋದರೆ, ಕೆರೆಯು ಕೋಡಿ ಬೀಳುವಷ್ಟು ತುಂಬಿದ್ದರೂ ಆ ಕಾಲುವೆಯನ್ನು ನಂಬಿದ ಗದ್ದೆಯು ಒಣಗಲೇಬೇಕು. ದೇಹದ ರಚನೆಯಲ್ಲಿರುವ ಕಾಪೂ ಆ ಕಾಪಿನ ಎಲ್ಲೆಯೂ ಈ ಒಂದು ಉಪಮೆಯಲ್ಲಿಯೇ ಅಡಗಿವೆ. ಈ ಚಕ್ರವು ಎಲ್ಲರಲ್ಲಿಯೂ ಪೂರ್ಣವಾಗಿರುವುದಿಲ್ಲವೆಂಬುದನ್ನೂ ಹೇಳಬೇಕು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅಡ್ಡನಾಳಗಳಲ್ಲಿ ಒಂದಾದರೂ ಎಳೆಯಷ್ಟು ಸಣ್ಣದಾಗಿರುತ್ತದೆ, ಇಲ್ಲವೆ ಇರುವುದೇ ಇಲ್ಲ.

ಆ ತೂಬುಗಳಲ್ಲಿ ಅತ್ಯಂತ ದೊಡ್ಡದೇ ಮಿದುಳಿನ ಮಧ್ಯಧಮನಿ. ಎಡಕ್ಕೊಂದು ಬಲಕ್ಕೊಂದು, ಹೀಗೆ ಎರಡುಂಟು. ಪ್ರತಿಯೊಂದೂ ಮೊದಲಲ್ಲಿ ಸುಮಾರು 3 ಮಿಲಿಮೀಟರ್ ಅಗಲವಿದ್ದು, ಕತ್ತಿನ ಧಮನಿಯ ಮುಂದುವರಿಕೆಯಂತೆಯೇ ಪಕ್ಕಕ್ಕೆ ಸಾಗಿ, ಮಿದುಳಿನ ಪಕ್ಕದ ಆಳವಾದ ಬಿರುಕಿನೊಳಗೆ ಹೊಕ್ಕು, ಕವಲು ಕವಲಾಗಿ ಒಡೆದು, ಮಿದುಳಿನ ಹೊರಮೈಯ ಬಹುಭಾಗಕ್ಕೆ ರಕ್ತವನ್ನು ಹಂಚುತ್ತದೆ. ದಾರಿಯಲ್ಲಿ ಕೂದಲಿನಂತಹ ಸಣ್ಣ ಕವಲುಗಳನ್ನು ಮಿದುಳಿನ ಆಳಕ್ಕೂ ಕಳುಹಿಸುತ್ತದೆ. ರಕ್ತದ ಒತ್ತಡವು ಬಹುಕಾಲ ಹೆಚ್ಚಾಗಿದ್ದರೆ ಈ ಸಣ್ಣ ಕವಲುಗಳು ಒಡೆದು ಒಳಗೆ ರಕ್ತ ಸುರಿಯುವುದುಂಟು. ಹೃದಯದಿಂದಲೋ ಕತ್ತಿನ ಧಮನಿಯಿಂದಲೋ ಕಳಚಿಕೊಂಡ ಹೆಪ್ಪುರಕ್ತದ ತುಣುಕು ನೇರವಾಗಿ ತೇಲಿಕೊಂಡು ಹೋಗಿ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಈ ಮಧ್ಯಧಮನಿಯಲ್ಲಿಯೇ.

ಆಗ ಆಗುವುದೇನು? ಎಡ ಮಿದುಳು ಬಲ ಅಂಗಗಳನ್ನೂ, ಬಲ ಮಿದುಳು ಎಡ ಅಂಗಗಳನ್ನೂ ಆಳುತ್ತದೆ. ಮುಖಕ್ಕೂ ಕೈಗೂ ಸಂಬಂಧಪಟ್ಟ ಮಿದುಳಿನ ಭಾಗವು ಮಧ್ಯಧಮನಿಯ ಸೀಮೆಯಲ್ಲಿದೆ. ಕಾಲಿಗೆ ಸಂಬಂಧಪಟ್ಟ ಭಾಗವು ಹೆಚ್ಚಾಗಿ ಮುಂದಿನ ಧಮನಿಯ ಸೀಮೆಯಲ್ಲಿದೆ. ಆದುದರಿಂದಲೇ ಮಧ್ಯಧಮನಿಯು ಮುಚ್ಚಿದಾಗ ಬಾಯಿ ಸೊಟ್ಟಗಾಗುವುದೂ ಕೈ ಬೀಳುವುದೂ ಹೆಚ್ಚಾಗಿ, ಕಾಲಿನ ಬಲವು ಅಷ್ಟಾಗಿ ಕುಂದದೆ ಇರಬಹುದು. ಬಹುಮಂದಿಗೆ ಮಾತಿನ ಸ್ಥಾನವು ಎಡ ಮಿದುಳಿನಲ್ಲಿರುವುದರಿಂದ, ಎಡಗಡೆಯ ಧಮನಿಯು ಮುಚ್ಚಿದರೆ ಮಾತು ಹೊರಡದೆ ಹೋಗಬಹುದು, ಇಲ್ಲವೆ ಇತರರ ಮಾತು ಅರ್ಥವಾಗದೆ ಹೋಗಬಹುದು. ಬಲಗಡೆಯದು ಮುಚ್ಚಿದರೆ ರೋಗಿಯು ತನ್ನ ಎಡಪಕ್ಕವನ್ನೇ ಮರೆತುಬಿಡುವುದುಂಟು; ತಟ್ಟೆಯ ಬಲಭಾಗದ ಅನ್ನವನ್ನು ಮಾತ್ರ ಉಂಡು ಎಡಭಾಗದ್ದನ್ನು ಬಿಡುತ್ತಾನೆ; ತನಗೆ ಕಾಯಿಲೆಯೇ ಇಲ್ಲವೆಂದು ಸಾಧಿಸುತ್ತಾನೆ. ಇಂಥವರನ್ನು ಮನೆಯವರು ಹಠಮಾರಿಗಳೆಂದಾಗಲಿ ಅರುಳುಮರುಳೆಂದಾಗಲಿ ತಿಳಿದು ಗದರಬಾರದು.

ಪುನಃ ಚರಿತ್ರೆಗೆ ಬರೋಣ. 1667ರಲ್ಲಿ ಆರ್ಚ್‌ಬಿಷಪ್ ಶೆಲ್ಡನ್‌ರವರ ಕರೆಯಂತೆ ವಿಲ್ಲಿಸ್‌ರವರು ಲಂಡನ್ನಿಗೆ ಹೋಗಿ ನೆಲೆಸಿದರು. 1665ರ ಮಹಾಮಾರಿಯಿಂದಲೂ 1666ರ ಬೆಂಕಿಯಿಂದಲೂ ಆ ನಗರವು ನೊಂದಿದ್ದ ಕಾಲವದು. ಅಲ್ಲಿ ಅವರಿಗೆ ಅಪಾರವಾದ ಕೀರ್ತಿಯೂ ಧನವೂ ಲಭಿಸಿದುವು. ಸ್ತ್ರೀಯರಿಗೆ ಬರುವ ಹಿಸ್ಟೀರಿಯಾ ಎಂಬ ಬೇನೆಗೆ ಗರ್ಭಕೋಶವೇ ಕಾರಣವೆಂದು ಹಿಂದಿನಿಂದಲೂ ನಂಬಿಕೆಯಿತ್ತು. ಅದು ಮಿದುಳಿನಿಂದಲೂ ನರಗಳಿಂದಲೂ ಹುಟ್ಟುವುದೆಂದೂ, ಅಂಥ ಬೇನೆಯು ಪುರುಷರಿಗೂ ಬರುವುದೆಂದೂ ವಿಲ್ಲಿಸ್‌ರವರು ವಾದಿಸಿದರು. ಸಿಹಿಮೂತ್ರದ ರೋಗವನ್ನು ರುಚಿಯಿಂದ ಗುರುತಿಸುವ ವಿಷಯವನ್ನೂ ಅವರು ಬರೆದರು. ನಮ್ಮ ದೇಶದ ಚರಕ ಸುಶ್ರುತರು ಇದೇ ರೋಗವನ್ನು ಮಧುಮೇಹವೆಂಬ ಹೆಸರಿನಿಂದ ಬಹು ಪುರಾತನ ಕಾಲದಲ್ಲಿಯೇ ವರ್ಣಿಸಿದ್ದರೆಂಬುದನ್ನು ನಮ್ಮ ವಾಚಕರು ಬಲ್ಲರು.

ಮಹನೀಯರಲ್ಲಿಯೂ ದೋಷಗಳಿರುತ್ತವೆ. ಆ ಕಾಲದ ಇತರರಂತೆ ವಿಲ್ಲಿಸ್‌ರವರೂ ಮಿದುಳಿನಲ್ಲಿ ಸೂಕ್ಷ್ಮವಾದ ಚೇತನದ್ರವವೊಂದು ಹರಿಯುತ್ತದೆಂದು ಊಹಿಸಿದ್ದರು; ಅದು ಸರಿಯಲ್ಲವೆಂದು ಮುಂದೆ ತಿಳಿಯಿತು. ಬುದ್ಧಿವಿಕಾರವುಳ್ಳವರನ್ನು ಕಟ್ಟಿಹಾಕಿ ದಂಡಿಸುವುದು ಹಿತವೆಂದು ಅವರು ಬರೆದುದು ನಮ್ಮ ಮನಸ್ಸಿಗೆ ನೋವನ್ನುಂಟುಮಾಡುತ್ತದೆ. ಕಂಡುದನ್ನು ಹೇಳಿದಾಗ ಅವರು ಸರಿಯಾಗಿ ಹೇಳಿದರು. ಕಾಣದೆ ಊಹಿಸಿದಾಗ ತಪ್ಪಿದರು. ವಿದ್ಯಾರ್ಥಿನಿಯರಿಗೆ ಇದೂ ಒಂದು ಪಾಠವೇ ಸರಿ.

ಸಂಸಾರದಲ್ಲಿ ಅವರು ಬಹಳ ದುಃಖವನ್ನು ಕಂಡರು. ಮಕ್ಕಳಲ್ಲಿ ಹಲವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. 1670ರಲ್ಲಿ ಪತ್ನಿಯಾದ ಮೇರಿಯವರೂ ಮೃತರಾದರು. ಆದರೂ ಬಡವರಿಗೆ ಉಪಕಾರ ಮಾಡುವುದನ್ನು ಅವರು ಬಿಡಲಿಲ್ಲ. ಹಗಲೆಲ್ಲಾ ದುಡಿಯುವ ಆಳುಕಾಳುಗಳಿಗೆ ದೇವಾರಾಧನೆಯು ತಪ್ಪಬಾರದೆಂದು, ತಮ್ಮ ಮನೆಯ ಸಮೀಪದ ಸೇಂಟ್ ಮಾರ್ಟಿನ್ ದೇವಾಲಯದಲ್ಲಿ ಮುಂಜಾನೆಯೂ ಸಾಯಂಕಾಲವೂ ಪ್ರಾರ್ಥನೆ ನಡೆಯುವಂತೆ ಹಣವನ್ನು ಕೊಟ್ಟರು. ತಾವೂ ಒಮ್ಮೆ ಆಳಿನ ಮೇಲಂಗಿಯನ್ನು ತೊಟ್ಟಿದ್ದುದನ್ನು ಅವರು ಮರೆತಿರಲಿಲ್ಲವೆಂದು ನಮಗೆ ತೋರುತ್ತದೆ. 1675ನೆಯ ಇಸವಿ ನವೆಂಬರ್ 11ರಂದು, ತಮ್ಮ 54ನೆಯ ವಯಸ್ಸಿನಲ್ಲಿ, ಎದೆಯ ಬೇನೆಯಿಂದ ಅವರು ದೇಹವನ್ನು ಬಿಟ್ಟರು. ರಾಜರೂ ಕವಿಗಳೂ ಮಲಗಿರುವ ವೆಸ್ಟ್‌ಮಿನ್ಸ್‌ಟರ್ ಅಬೆಯಲ್ಲಿ ಅವರ ಸಮಾಧಿಯಾಯಿತು.

ವಿಲ್ಲಿಸ್‌ರವರು ಸತ್ತವರ ತಲೆಯಲ್ಲಿ ಕಂಡುದನ್ನು ಬದುಕಿರುವವರ ತಲೆಯಲ್ಲಿ ಕಾಣುವುದಕ್ಕೆ ಎರಡೂವರೆ ಶತಮಾನಗಳು ಬೇಕಾದುವು. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್‌ರವರು ಧಮನಿಗಳಿಗೆ ಔಷಧವನ್ನು ಹೊಗಿಸಿ ಎಕ್ಸ್‌ರೇ ಚಿತ್ರವನ್ನು ತೆಗೆದರು. 1971ರಲ್ಲಿ ಸಿ.ಟಿ. ಸ್ಕ್ಯಾನ್ ಯಂತ್ರದಿಂದ ಮೊದಲನೆಯ ರೋಗಿಯ ಮಿದುಳನ್ನು ಪರೀಕ್ಷಿಸಲಾಯಿತು. ನಾಳವು ಮುಚ್ಚಿದೆಯೋ ಒಡೆದಿದೆಯೋ ಎಂಬುದನ್ನು ಮುಖವನ್ನು ನೋಡಿ ಯಾರೂ ನಿಶ್ಚಯವಾಗಿ ಹೇಳಲಾರರು, ಸ್ಕ್ಯಾನೇ ಹೇಳಬೇಕು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿನಿಂದ ಗುಣವಿದೆಯೆಂದು 1995ರಲ್ಲಿ ಸ್ಥಿರಪಟ್ಟಿತು. ಬೇನೆಯು ಹತ್ತಿದ ನಾಲ್ಕೂವರೆ ಘಂಟೆಗಳವರೆಗೂ ಅದನ್ನು ಕೊಡಬಹುದೆಂದು 2008ರಲ್ಲಿ ತಿಳಿದುಬಂದಿತು. ಮಧ್ಯಧಮನಿಯಂಥ ದೊಡ್ಡ ನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ತೊಡೆಯ ಧಮನಿಯ ಮೂಲಕ ಸಣ್ಣ ಕೊಳವೆಯನ್ನು ಕಳುಹಿಸಿ ಹೊರಕ್ಕೆಳೆಯುವ ಚಿಕಿತ್ಸೆಯ ಪ್ರಯೋಜನವು 2015ರಲ್ಲಿ ದೃಢವಾಯಿತು. ಹೂಳು ತುಂಬಿದ ಕಾಲುವೆಯನ್ನು ತೋಡುವ ಕೆಲಸವೇ ಇದು.

ಆದರೆ ಗದ್ದೆಯು ಒಣಗಿಹೋದ ಮೇಲೆ ಕಾಲುವೆಯನ್ನು ತೋಡಿ ಫಲವೇನು? ನೆರೆಯ ಗದ್ದೆಗಳಿಂದ ಒಸರುವ ನೀರಿನಿಂದ ಪೈರಿನ ಅಂಚು ಕೊಂಚ ಕಾಲ ಹಸುರಾಗಿರುವಂತೆ, ನೆರೆಯ ಧಮನಿಗಳ ಸಣ್ಣ ಕವಲುಗಳಿಂದ ಮಿದುಳಿನ ಆ ಭಾಗವು ಕೆಲವು ಘಂಟೆಗಳ ಕಾಲ ಉಸಿರು ಹಿಡಿದಿರುತ್ತದೆ. ಇದರ ನಡುವೆಯೂ ದೊಡ್ಡ ಧಮನಿಯು ಮುಚ್ಚಿರುವಾಗ ಮಿನಿಟಿಗೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಪ್ರಕಟವಾದ ಲೆಕ್ಕವೊಂದು ಹೇಳುತ್ತದೆ. ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿಲೋಮೀಟರ್; ಅಲ್ಲಿಂದ ಬೆಂಗಳೂರಿಗೆ ಅದರ ಎರಡರಷ್ಟಕ್ಕಿಂತಲೂ ಹೆಚ್ಚು. ನಮ್ಮ ಹಳ್ಳಿಗಳವರಿಗೆ ದಾರಿಯಲ್ಲಿಯೇ ಇಷ್ಟು ಹೊತ್ತು ಹಿಡಿಯುವಾಗ, ಮನೆಯಲ್ಲಿ ಕಳೆಯುವುದಕ್ಕೆ ಹೊತ್ತೆಲ್ಲಿದೆ?

ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ನಾವು ವಿನಯದಿಂದ ಬೇಡುವುದೇನೆಂದರೆ: ಮನೆಯಲ್ಲಿ ಯಾರಿಗಾದರೂ ಥಟ್ಟನೆ ಮುಖವು ಓರೆಯಾದರೆ, ಎರಡು ಕೈಗಳನ್ನೂ ಎತ್ತೆಂದಾಗ ಒಂದು ಇಳಿದುಹೋದರೆ, ಮಾತು ತೊದಲಿದರೆ, ಕೂಡಲೆ ಗಡಿಯಾರವನ್ನು ನೋಡಿ ಹೊತ್ತನ್ನು ಗುರುತಿಟ್ಟುಕೊಳ್ಳಿರಿ, ರೋಗಿಯು ಕಡೆಯದಾಗಿ ಚೆನ್ನಾಗಿದ್ದುದು ಯಾವಾಗ ಎಂಬುದನ್ನು ವೈದ್ಯರು ಮೊದಲು ಕೇಳುತ್ತಾರೆ. 108ನೆಯ ಸಂಖ್ಯೆಗೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ನುಂಗುವ ಶಕ್ತಿಯು ಕುಂದಿರಬಹುದಾದುದರಿಂದ ನೀರನ್ನಾಗಲಿ ಕಾಫಿಯನ್ನಾಗಲಿ ಕುಡಿಸಬೇಡಿರಿ. ಸ್ಕ್ಯಾನ್ ಆಗುವ ಮೊದಲು ಯಾವ ಮಾತ್ರೆಯನ್ನೂ ಕೊಡಬೇಡಿರಿ. ಹತ್ತು ಮಿನಿಟಿನಲ್ಲಿ ತಾನಾಗಿಯೇ ವಾಸಿಯಾದರೂ ಸುಮ್ಮನಿರಬೇಡಿರಿ. ದೊಡ್ಡ ಆಘಾತಕ್ಕೆ ಅದು ಮುನ್ಸೂಚನೆಯಾಗಿರಬಹುದು.

ಬೇನೆ ಬಾರದಂತೆ ನೋಡಿಕೊಳ್ಳುವುದು ಇನ್ನೂ ಮೇಲು. ಹಿರಿಯರ ರಕ್ತದೊತ್ತಡವನ್ನೂ ಸಕ್ಕರೆ ಕಾಯಿಲೆಯನ್ನೂ ಪರೀಕ್ಷಿಸಿಸಿ, ಕೊಟ್ಟ ಔಷಧವನ್ನು ತಪ್ಪದೆ ಸೇವಿಸುವಂತೆ ಮಾಡಿರಿ. ಉಪ್ಪನ್ನು ಮಿತಗೊಳಿಸಿರಿ, ಬೀಡಿಯನ್ನೂ, ಎಲೆಅಡಿಕೆಯೊಡನೆ ಅಗಿಯುವ ಹೊಗೆಸೊಪ್ಪನ್ನೂ ಬಿಡಿಸಿರಿ. ಎಳೆಯ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು: ಗಂಟಲು ನೋವನ್ನು ಅಲಕ್ಷ್ಯ ಮಾಡಿದರೆ ಕೆಲವರಿಗೆ ಕೀಲುಗಳ ಜ್ವರವು ಬಂದು ಹೃದಯದ ಕವಾಟವು ಕೆಡುತ್ತದೆ. ಅಂಥ ಹೃದಯದಲ್ಲಿ ಕಟ್ಟಿದ ಹೆಪ್ಪು ಮುಂದೆ ಮಧ್ಯಧಮನಿಗೆ ತೇಲಿಹೋಗಿ, ಎಳೆಯ ತಾಯಂದಿರಿಗೂ ಲಕ್ವವನ್ನು ತರುವುದುಂಟು.

2022ರಲ್ಲಿ ನಮ್ಮ ರಾಜ್ಯದ ಸರ್ಕಾರವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೊಡನೆ ಕೂಡಿ ಮಿದುಳಿನ ಆರೋಗ್ಯದ ಕಾರ್ಯವನ್ನು ಆರಂಭಿಸಿದಾಗ, ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದಾಗಿದ್ದಿತೆಂಬುದು ನಮಗೆ ಸಂತೋಷದ ಸಂಗತಿ. ಆಸ್ಪತ್ರೆಗಳು ಇದ್ದರೆ ಸಾಲದು. ಲಕ್ಷಣವನ್ನು ಗುರುತಿಸಿ ತಡಮಾಡದೆ ಹೊರಡಿಸುವ ಒಬ್ಬರು ಪ್ರತಿ ಮನೆಯಲ್ಲಿಯೂ ಇರಬೇಕು. ಆ ಒಬ್ಬರು ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಗಳೇ ಏಕಾಗಬಾರದು? ಪದವಿಯಿಲ್ಲದ ಐಲ್ಸ್ ಅಮ್ಮನವರು ಒಬ್ಬ ಬಡ ಹುಡುಗನಿಗೆ ತಮ್ಮ ವಿದ್ಯೆಯನ್ನು ಹಂಚಿದರು. ಆ ಹುಡುಗನು ಲೋಕಕ್ಕೆ ಹಂಚಿದನು. ಅದು ಸಮುದ್ರವನ್ನು ದಾಟಿ, ಮೂರೂವರೆ ಶತಮಾನಗಳ ತರುವಾಯ ನಮ್ಮ ಕೈಗೆ ಬಂದಿದೆ. ಅದನ್ನು ತಾಯಲೂರಿನ ಅಂಗಳಗಳಿಗೂ ಮುಟ್ಟಿಸುವ ಭಾರವು ಈಗ ನಮ್ಮದು. ಅಜ್ಜಿಯ ಕೈಯಿಂದ ಚೊಂಬು ಬಿದ್ದ ಶಬ್ದವನ್ನು ಕೇಳಿದೊಡನೆ ಓಡಿಬರುವ ಮೊಮ್ಮಗಳಿಗೆ ಮುಂದೇನು ಮಾಡಬೇಕೆಂಬುದು ತಿಳಿದಿದ್ದರೆ, ಈ ಲೇಖನವನ್ನು ಬರೆದ ಶ್ರಮವು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.